ಮೊಸರಾಗದ ಹಾಲು

ಈ ಕಥೆ ಹೇಳುವುದಕ್ಕೆ ನಾನು ಚಂಪಕಳ ಅಪ್ಪಣೆ ಪಡೆದಿದ್ದೇನೆ. ನಮ್ಮೂರಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವಳು ಅವಳೊಬ್ಬಳೇ. ನನ್ನ ಯಂತ್ರಕ್ಕೆ ಎಣ್ಣೆ ಬಿಡುತ್ತಾ, ತಲೆಯೆತ್ತದೆ ಷರತ್ತು ಹಾಕಿದಳು. "ಆವತ್ತು ಏನಾಯ್ತು ಅಂತ ಬಿಡಿಸಿ ಬಿಡಿಸಿ ಹೇಳ್ಬೇಡಿ ಸಾವಂತ್ರಕ್ಕ, ಅದು ನಂದು. ನನ್ನನ್ನ ಅಳುಮುಂಜಿ ಮಾಡ್ಬೇಡಿ. ಮಿಕ್ಕಿದ್ದಕ್ಕೆ ಎಷ್ಟು ಬೇಕಾದ್ರೂ ಉಪ್ಪು ಖಾರ ಹಾಕ್ಕೊಳ್ಳಿ." ಉಪ್ಪು ಖಾರದ ವಿಷಯದಲ್ಲಿ ನನ್ನ ಕೈ ಧಾರಾಳ ಎಂದು ಬೀದಿಗೆಲ್ಲ ಗೊತ್ತು. ಆದರೂ ಕೊಟ್ಟ ಮಾತಿಗೆ ತಪ್ಪುವವಳಲ್ಲ ನಾನು.

ನಮ್ಮೂರಿನಲ್ಲಿ ಎದೆಗೆ ಭಾರವಾದ ಮಾತನ್ನು ಯಾರಿಗೂ ಹೇಳಿಕೊಳ್ಳದೆ ಒಳಗೇ ಇಟ್ಟುಕೊಂಡವರ ಮನೆಯಲ್ಲಿ ಹಾಲು ಮೊಸರಾಗುವುದಿಲ್ಲ. ರಾತ್ರಿ ಹೆಪ್ಪು ಹಾಕಿ, ಮುಚ್ಚಿಟ್ಟು, ಬೆಳಿಗ್ಗೆ ತಟ್ಟೆ ತೆಗೆದರೆ ಹಾಲು ಹಾಲಾಗಿಯೇ ನಿಮ್ಮ ಮುಖ ನೋಡುತ್ತಿರುತ್ತದೆ. ಅರ್ಧ ಹೇಳಿಕೊಂಡರೆ ಲೋಳೆ ಲೋಳೆ ಮೊಸರು. ಹೇಳಿಕೊಳ್ಳುವಾಗ ಸುಳ್ಳು ಬೆರೆಸಿದರೆ ಒಡೆದು ನೀರು ಬೇರೆ, ಗಟ್ಟಿ ಬೇರೆ. ಹೀಗಾಗಿ ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಹಾಡು ಹೇಳು ಎನ್ನುವುದಿಲ್ಲ, ಒಂದು ಸೌಟು ಮೊಸರು ಬಡಿಸಮ್ಮ ಎನ್ನುತ್ತಾರೆ. ಜಾಣ ತಾಯಂದಿರು ಪಕ್ಕದ ಮನೆಯಿಂದ ತಂದಿಟ್ಟಿರುತ್ತಾರೆ. ಹಿಂದೆ ಚುನಾವಣೆಗೆ ನಿಂತವರು ತಮ್ಮ ಮನೆಯ ಮೊಸರನ್ನು ಜನರೆದುರು ಉಣ್ಣುವ ಪದ್ಧತಿಯೂ ಇತ್ತು. ಊರಿಗೇ ದೊಡ್ಡ ಕಳ್ಳನ ಮನೆಯ ಮೊಸರು ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ ಬಂದದ್ದು ನೋಡಿ ಆ ಪದ್ಧತಿ ಬಿಟ್ಟೆವು. ಮೊಸರಿಗೆ ಭಾರ ಗೊತ್ತು, ನ್ಯಾಯ ಗೊತ್ತಿಲ್ಲ. ಮಾಡಿದ್ದು ಯಾರಿಗೆ ಭಾರವೇ ಅನಿಸುವುದಿಲ್ಲವೋ ಅವರ ಹಾಲು ನಿಶ್ಚಿಂತೆಯಿಂದ ಹೆಪ್ಪುಗಟ್ಟುತ್ತದೆ.

ಇದಕ್ಕೆ ತಕ್ಕಂತೆ ನಾವೂ ನಮ್ಮ ರೀತಿ ನೀತಿ ಮಾಡಿಕೊಂಡಿದ್ದೇವೆ. ಒಂದು ಮನೆಯ ಹಾಲು ಕೈಕೊಟ್ಟಿತೆಂದು ತಿಳಿದರೆ ನೆರೆಯವರು ಬಟ್ಟಲಲ್ಲಿ ಮೊಸರು ತಂದಿಟ್ಟು ಹೋಗುತ್ತಾರೆ, ಯಾಕೆ ಎಂದು ಕೇಳಬಾರದು. ಆ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು, ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಖಾಲಿ ಕೊಟ್ಟರೆ ನಿನಗೂ ನನಗೂ ಋಣ ಹರಿಯಿತು ಎಂದರ್ಥ. ಇನ್ನು ಹೇಳಿಕೊಳ್ಳುವವರು ಯಾರ ಹತ್ತಿರ ಬೇಕಾದರೂ ಹೇಳಿಕೊಳ್ಳಬಹುದು. ಕೇಳುವವರು ಮಾತ್ರ ಮಡಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ, ಕಣ್ಣು ಕೆಳಗೆ ಮಾಡಿ ಕೂರಬೇಕು. "ಆಮೇಲೆ?" ಎನ್ನುವುದೊಂದನ್ನು ಬಿಟ್ಟು ಬೇರೇನೂ ಕೇಳಬಾರದು. ನಮ್ಮ ಬೀದಿಯಲ್ಲಿ ಹೆಚ್ಚು ಜನ ಹೋಗುವುದು ದ್ಯಾವಮ್ಮಜ್ಜಿಯ ಹತ್ತಿರ. ಅಜ್ಜಿಗೆ ಕಿವಿ ಮಂದ, ಅದಕ್ಕೇ ಅವಳ ಜಗಲಿಯಲ್ಲಿ ನೂಕುನುಗ್ಗಲು.

ಚಂಪಕ ನಮ್ಮ ಪಕ್ಕದ ಮನೆಯವಳು. ಹೊಲಿಗೆ ಯಂತ್ರದ ತಲೆಯನ್ನು ಕಳಚಿ ಹೆಗಲ ಮೇಲೆ ಹೊತ್ತು, ಸೀಟಿ ಹೊಡೆಯುತ್ತಾ ಬೀದಿಯಲ್ಲಿ ನಡೆಯುವ ಗಟ್ಟಿಗಿತ್ತಿ. ಅವಳ ಜೊತೆಗಿರುವವಳು ನಾಗವೇಣಿ, ನಮ್ಮೆಲ್ಲರ ಬಾಯಲ್ಲಿ ವೇಣಿ. ಮನೆಯ ಮುಂಭಾಗದಲ್ಲಿ ಮಧ್ಯಾಹ್ನದ ಊಟದ ಮನೆ ನಡೆಸುತ್ತಾಳೆ. ಇಬ್ಬರೂ ಬಂದ ಹೊಸತರಲ್ಲಿ ದೊಡ್ಡಮ್ಮನ ಮಗಳು, ಚಿಕ್ಕಮ್ಮನ ಮಗಳು ಎಂದು ಹೇಳಿಕೊಂಡರು. ನಾವು ಹೌದಾ ಎಂದೆವು. ಇಬ್ಬರು ಅಕ್ಕತಂಗಿಯರು ಒಬ್ಬರನ್ನೊಬ್ಬರು ಹಾಗೆ ನೋಡುವುದನ್ನು ನಾನಂತೂ ಎಲ್ಲೂ ಕಂಡಿಲ್ಲ. ಗಂಡ ಹೆಂಡಿರೇ ಹಾಗೆ ನೋಡುವುದು ಅಪರೂಪ. ಆದರೆ ನಮ್ಮ ಬೀದಿ ಕಂಡದ್ದನ್ನು ಬಾಯಿಬಿಟ್ಟು ಹೇಳುವ ಬೀದಿಯಲ್ಲ, ಬೆನ್ನ ಹಿಂದೆ ಹೇಳುವ ಬೀದಿ.

ಅವರು ಬಾಯಿಬಿಟ್ಟು ತಾವೇನೆಂದು ಹೇಳಿಕೊಂಡು ಕೂರಬಹುದಾದ ಜಾಗ ಊರಿಗೆಲ್ಲ ಒಂದೇ ಇತ್ತು. ಬೀದಿಯ ಆ ತುದಿಯಲ್ಲಿ ರಾಜಕ್ಕನ ಮನೆಯ ಮಹಡಿ. ರಾಜಕ್ಕ ಐವತ್ತರ ಹೆಂಗಸು, ದೊಡ್ಡ ಕುಂಕುಮ, ದೊಡ್ಡ ದನಿ, ದೊಡ್ಡ ಕೈ. ಹೆಂಗಸನ್ನೇ ಪ್ರೀತಿಸುವ ಹೆಂಗಸರು ಗುರುವಾರ ಸಂಜೆ ಅವಳ ಮಹಡಿ ಹತ್ತಿ ಚೌಕಾಬಾರ ಆಡುತ್ತಿದ್ದರು, ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು, ಜಗಳವಾಡಿ ರಾಜಿಯಾಗುತ್ತಿದ್ದರು. ಕೆಳಗೆ ನಾವು ಅದನ್ನು ಭಜನೆ ಎಂದು ಕರೆಯುತ್ತಿದ್ದೆವು. ಅಂಥವರ ಎದೆಯ ಮಾತು ಕೇಳುವವಳೂ ರಾಜಕ್ಕನೇ. ವೇಣಿಯನ್ನು ತವರಿನವರು ಹೊರಹಾಕಿದಾಗ ಚಾಪೆ ಹಾಸಿ ಮಲಗಿಸಿಕೊಂಡವಳು ಅವಳು. ವೇಣಿಗೆ ಅವಳು ತಾಯಿಗಿಂತ ಹೆಚ್ಚು.

ಒಂದು ದಿನ ರಾಜಕ್ಕ ಯಂತ್ರ ಕೆಟ್ಟಿದೆ, ಬಾ ಎಂದು ಚಂಪಕಳನ್ನು ಒಬ್ಬಳನ್ನೇ ಕರೆಸಿಕೊಂಡಳು. ಯಂತ್ರ ಕೆಟ್ಟಿರಲಿಲ್ಲ. ಬೇಡ ಬೇಡವೆಂದರೂ ಬಿಡದೆ ಅವಳ ಮೇಲೆ ಬಲಾತ್ಕಾರ ಮಾಡಿದಳು. ಅದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ, ಮಾತು ಕೊಟ್ಟಿದ್ದೇನೆ. ಕೆಳಗಿಳಿದು ಬಂದ ಚಂಪಕ ಸ್ನಾನ ಮಾಡಿದಳು, ಮತ್ತೊಮ್ಮೆ ಸ್ನಾನ ಮಾಡಿದಳು, ವೇಣಿ ಬಡಿಸಿದ್ದನ್ನು ಉಂಡಳು. ಮಾರನೆಯ ಬೆಳಿಗ್ಗೆ ಅವರ ಮನೆಯ ಹಾಲು ಹಾಲಾಗಿಯೇ ಇತ್ತು.

ಅವಳು ಯಾಕೆ ಹೇಳಲಿಲ್ಲ ಎಂದು ಕೇಳುವವರಿಗೆ ಒಂದು ಮಾತು. ಹೇಳಿಕೊಳ್ಳುವವರಿಗೆಂದು ಇದ್ದ ಕಿವಿ ಯಾವುದೋ ಅದೇ ಹೀಗೆ ಮಾಡಿದರೆ ಯಾವ ಕಿವಿಗೆ ಹೇಳುವುದು? ಹೇಳಿದರೆ ಮಹಡಿ ಮುಚ್ಚುತ್ತದೆ, ಅಷ್ಟೂ ಹೆಂಗಸರು ಬೀದಿಗೆ ಬೀಳುತ್ತಾರೆ. ವೇಣಿಗೆ ತಾಯಿ ಇಲ್ಲದಂತಾಗುತ್ತದೆ. ಊರವರು, ಹೆಂಗಸಿಗೆ ಹೆಂಗಸು ಏನು ಮಾಡಲು ಸಾಧ್ಯ ಎಂದು ನಗುತ್ತಾರೆ, ಇಲ್ಲವೇ ಇಂಥವರ ನಡುವೆ ಇದೆಲ್ಲ ಇದ್ದದ್ದೇ ಎನ್ನುತ್ತಾರೆ. ಇವೆಲ್ಲಕ್ಕಿಂತ ಒಳಗೆ ಕೊರೆಯುತ್ತಿದ್ದದ್ದು ಇನ್ನೊಂದು. ಯಂತ್ರವನ್ನೇ ಎತ್ತುವ ಕೈ ಆವತ್ತು ಯಾಕೆ ಏಳಲಿಲ್ಲ? ಆ ಪ್ರಶ್ನೆಯನ್ನು ಬೇರೆಯವರು ಕೇಳುವ ಮೊದಲೇ ಅವಳು ತನ್ನನ್ನೇ ದಿನಕ್ಕೆ ಹತ್ತು ಸಲ ಕೇಳಿಕೊಳ್ಳುತ್ತಿದ್ದಳು.

ಊಟದ ಮನೆಯಲ್ಲಿ ಮೊಸರಿಲ್ಲವೆಂದರೆ ಗುಟ್ಟು ಎಷ್ಟು ಹೊತ್ತು ಉಳಿದೀತು? ಎಲೆಯ ಮುಂದೆ ಕೂತವರು ಸಾರು ಮುಗಿಸಿ ಬಾಗಿಲ ಕಡೆ ನೋಡತೊಡಗಿದರು. ವೇಣಿ ಹಾಲಿನವನನ್ನು ಬೈದಳು, ಹೆಪ್ಪು ಬದಲಿಸಿದಳು, ಮಡಕೆ ಬದಲಿಸಿದಳು. ಬೀದಿಯಿಂದ ಬಟ್ಟಲುಗಳು ಬರತೊಡಗಿದವು. ಎಲ್ಲರಿಗಿಂತ ದೊಡ್ಡ ಪಾತ್ರೆ ರಾಜಕ್ಕನದು. ಗುರುವಾರ ಗುರುವಾರ ತಪ್ಪದೆ ಕೆನೆ ಕಟ್ಟಿದ ಮೊಸರು, ಮಗುಚಿದರೂ ಬೀಳದಷ್ಟು ಗಟ್ಟಿ. "ಪಾಪ, ನಮ್ಮ ಮಕ್ಕಳು ಬರೀ ಅನ್ನ ಉಣ್ಣಬಾರದು," ಎಂದು ಕೊಟ್ಟು ಕಳಿಸುತ್ತಿದ್ದಳು. ವೇಣಿ ಕಣ್ಣಿಗೊತ್ತಿಕೊಂಡು ಒಳಗಿಡುವಳು. ಚಂಪಕ ಅದನ್ನು ಹಿತ್ತಿಲ ದಾಸವಾಳದ ಬುಡಕ್ಕೆ ಸುರಿಯುವಳು. ಪಾತ್ರೆಯಲ್ಲಿ ಸಕ್ಕರೆ ಹಾಕಿ ಕೊಡಲು ಅವಳಿಗೆ ಕೈ ಬರದು, ಖಾಲಿ ಕೊಡಲು ಧೈರ್ಯ ಬರದು. ತೊಳೆದು ತೊಳೆದು ರಿಪೇರಿ ಸಾಮಾನಿನ ಪೆಟ್ಟಿಗೆಯ ಹಿಂದೆ ಪೇರಿಸಿಟ್ಟಳು. ವೇಣಿ ಕೇಳಿದರೆ, "ಕೊಟ್ಟಾಯ್ತು," ಎನ್ನುವಳು.

ಈಗ ನಮ್ಮ ಬೀದಿಯ ಬುದ್ಧಿವಂತಿಕೆಯ ಕಥೆ. ಇಬ್ಬರ ಮನೆಯ ಹಾಲು ಹೀಗೆ ನಿಂತಿದೆ ಎಂದರೆ ಹೇಳದೆ ಉಳಿದ ಮಾತು ಯಾವುದಿರಬಹುದು? ನಾವು ಹೆಂಗಸರು ನಲ್ಲಿಯ ಹತ್ತಿರ ಕೂಡಿ ತೀರ್ಮಾನಿಸಿಯೇ ಬಿಟ್ಟೆವು. ಪಾಪದ ಹುಡುಗಿಯರು ತಮ್ಮ ಸಂಬಂಧವನ್ನು ನಮ್ಮ ಹತ್ತಿರ ಹೇಳಿಕೊಳ್ಳಲಾರದೆ ಒದ್ದಾಡುತ್ತಿದ್ದಾರೆ. ಒಂಬತ್ತು ವರ್ಷ ಅದೇ ಮನೆಯ ಗಟ್ಟಿ ಮೊಸರು ತಿಂದಿದ್ದೆವು, ಅವರ ಪ್ರೀತಿ ಅವರಿಗೆ ಒಂದು ದಿನವೂ ಭಾರವಾಗಿರಲಿಲ್ಲ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಒಳ್ಳೆಯ ಕೆಲಸ ಮಾಡುವ ಉತ್ಸಾಹ ಬಂದರೆ ನಮಗೆ ಬುದ್ಧಿಯ ಹಂಗೇ ಇರುವುದಿಲ್ಲ.

ಶುಕ್ರವಾರ ಸಂಜೆ ಹೊರಟೆವು. ಮುಂದೆ ತಾಂಬೂಲ, ಬಳೆಗಳ ತಟ್ಟೆ ಹಿಡಿದವಳು ನಾನು. ಹೊರಡುವಾಗ ಒಂದು ಚರ್ಚೆ ಎದ್ದಿತು. ಜೋಡಿ ಎಂದ ಮೇಲೆ ಸೀರೆ, ಪಂಚೆ ಎರಡೂ ಇಡಬೇಕಲ್ಲ, ಪಂಚೆ ಯಾರಿಗೆ? ಚಂಪಕ ಸೀಟಿ ಹೊಡೆಯುತ್ತಾಳೆ, ಅವಳಿಗೇ ಎಂದರು ಕೆಲವರು. ಸೌಟು ಹಿಡಿದು ಗಿರಾಕಿಗಳನ್ನು ಹೆದರಿಸುವುದು ವೇಣಿ, ಅವಳಿಗೇ ಎಂದರು ಇನ್ನು ಕೆಲವರು. ಅದು ಹೇಗೋ ದ್ಯಾವಮ್ಮಜ್ಜಿಯ ಕಿವಿಗೆ ಬಿತ್ತು. "ಪಂಚೆ ಉಟ್ಟೋರಿಂದ ನಮಗೆ ಆಗಿದ್ದು ಸಾಲ್ದೇನ್ರೇ? ಇಬ್ರಿಗೂ ರವಿಕೆ ಕಣ ಇಡ್ರೇ!" ಎಂದು ಗದರಿದಳು. ಹಾಗೇ ಮಾಡಿದೆವು, ಒಂದೇ ಬಣ್ಣದ್ದು.

ಬಾಗಿಲು ತೆಗೆದ ವೇಣಿ ನಮ್ಮನ್ನು ಕಂಡು ಗಾಬರಿಯಾದಳು. "ಗಾಬ್ರಿ ಆಗ್ಬೇಡ ಕಣವ್ವ," ಎಂದೆ ನಾನು. "ನೀವಿಬ್ರೂ ಏನು ಅಂತ ನಮಗೆ ಯಾವತ್ತೋ ಗೊತ್ತು. ಹೇಳ್ಕೊಳ್ಳೋ ಕಷ್ಟ ನಿಮಗೆ ಬೇಡ ಅಂತ ನಾವೇ ಹೇಳೋಕೆ ಬಂದ್ವಿ. ಚೆನ್ನಾಗಿ ಬಾಳಿ." ವೇಣಿಯ ಕೈಯಿಂದ ಸೌಟು ಬಿತ್ತು. ಒಂದು ಕ್ಷಣ ನಮ್ಮನ್ನೆಲ್ಲ ನೋಡಿದಳು, ಆಮೇಲೆ ನನ್ನ ಹೆಗಲ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಳು. ನಾವೂ ಅತ್ತೆವು. ಅಳುವುದರಲ್ಲಿ ನಮ್ಮ ಬೀದಿಯವರು ಯಾರಿಗೂ ಕಡಿಮೆಯಿಲ್ಲ.

ಚಂಪಕ ಒಳಬಾಗಿಲಲ್ಲಿ ನಿಂತಿದ್ದಳು. ಒಂಬತ್ತು ವರ್ಷದಿಂದ ಅವಳು ಮನಸ್ಸಿನಲ್ಲೇ ಆಸೆಪಟ್ಟಿದ್ದ ದಿನ ಇದು, ಬಂದಿತ್ತು, ಬರಬಾರದ ಹೊತ್ತಿನಲ್ಲಿ ಬಂದಿತ್ತು. ಇಷ್ಟು ಸಂತೋಷದಲ್ಲಿರುವ ಈ ಮುಖಗಳ ಮುಂದೆ, ಅದಲ್ಲ ಕಣ್ರೀ ಮಾತು, ಬೇರೆ ಇದೆ ಎಂದು ಹೇಗೆ ಹೇಳುವುದು? ಇವತ್ತು ಒಪ್ಪಿಕೊಂಡವರು ನಾಳೆ, ನೋಡಿದ್ರಾ ಇವರ ಹಣೆಬರಹ, ಎನ್ನಲು ತಾನೇ ಕಾರಣ ಕೊಟ್ಟಂತೆ ಆಗುವುದಿಲ್ಲವೇ? ಅವಳಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿತು, ಅದೇ ಹೊತ್ತಿಗೆ ನಮ್ಮೆಲ್ಲರನ್ನೂ ಹೊರಗೆ ಹಾಕಿ ಬಾಗಿಲು ಹಾಕಿಕೊಳ್ಳಬೇಕು ಎನಿಸಿತು. ಕೈ ಮುಂದೆ ಚಾಚಿ ಬಳೆ ತೊಡಿಸಿಕೊಂಡಳು. "ತುಂಬಾ ಸಂತೋಷ ಅಕ್ಕ," ಎಂದಳು.

ಆ ರಾತ್ರಿ ವೇಣಿ ಹಾಡು ಗುನುಗುತ್ತಾ ಹೆಪ್ಪು ಹಾಕಿದಳು. ಬೆಳಿಗ್ಗೆ ಹಾಲು ಹಾಲೇ.

ವೇಣಿ ಬಹಳ ಹೊತ್ತು ಆ ಮಡಕೆಯ ಮುಂದೆ ಕೂತಿದ್ದಳು. ತನ್ನ ಎದೆಯಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹಾಗಾದರೆ ಇರುವುದು ಚಂಪಕಳ ಎದೆಯಲ್ಲಿ. ಪ್ರೀತಿಸುವವರ ತಲೆ ಹೊಕ್ಕುವ ಮೊದಲ ಅನುಮಾನ ಯಾವುದು ಎಂದು ನಿಮಗೇ ಗೊತ್ತು. "ಬೇರೆ ಯಾರಾದ್ರೂ ಇದ್ದಾಳೇನೇ?" ಎಂದು ಕೇಳಿಯೇ ಬಿಟ್ಟಳು. "ಇದ್ರೆ ಹೇಳ್ಬಿಡು ಚಂಪಿ. ನಾನೇನು ಸಾಯಲ್ಲ."

"ಯಾರೂ ಇಲ್ಲ."

"ಮತ್ತೆ ರಾತ್ರಿ ನಾನು ಮೈ ಮುಟ್ಟಿದ್ರೆ ಯಾಕೆ ಬೆಚ್ಚಿಬೀಳ್ತೀಯ?"

ಚಂಪಕ ಸಾಮಾನಿನ ಚೀಲ ಹೆಗಲಿಗೇರಿಸಿ ಹೊರಟುಹೋದಳು. ಅವತ್ತಿನಿಂದ ವೇಣಿಯ ಸಾರಿಗೆ ಉಪ್ಪು ಹೆಚ್ಚಾಗತೊಡಗಿತು. ಗಿರಾಕಿಗಳು ಸುಮ್ಮನೆ ಉಂಡು, ಮನೆಗೆ ಹೋಗಿ ಚೊಂಬುಗಟ್ಟಲೆ ನೀರು ಕುಡಿದರು. ಹೀಗೇ ಬಿಟ್ಟರೆ ವೇಣಿಯನ್ನು ಕಳೆದುಕೊಳ್ಳುತ್ತೇನೆ ಎಂಬುದು ಚಂಪಕಳಿಗೆ ಅರ್ಥವಾಯಿತು. ಹೇಳಿದರೂ ಕಳೆದುಕೊಳ್ಳಬಹುದು ಎಂಬ ಹೆದರಿಕೆ ಅದರ ಪಕ್ಕದಲ್ಲೇ ಇತ್ತು.

ಆಗ ಅವಳು ಮಾಡಿದ್ದು ನಮ್ಮೂರಿನವರು ಮಾತ್ರ ಮಾಡಬಹುದಾದ ತಪ್ಪು. ಹೇಗಾದರೂ ಮೊಸರಾದರೆ ಸಾಕು, ವೇಣಿಯ ಅನುಮಾನ ತೊಲಗುತ್ತದೆ ಎಂದುಕೊಂಡು ದ್ಯಾವಮ್ಮಜ್ಜಿಯ ಜಗಲಿಗೆ ಹೋದಳು. ಅಜ್ಜಿ ಮೊರ ತೆಗೆದುಕೊಂಡಳು, ಕಣ್ಣು ಕೆಳಗೆ ಮಾಡಿದಳು. ಚಂಪಕ ಎಲ್ಲವನ್ನೂ ಹೇಳಿದಳು, ಒಂದನ್ನು ಮಾತ್ರ ಬದಲಿಸಿದಳು. ಅವಳು ಎನ್ನುವ ಕಡೆಯೆಲ್ಲ ಅವನು ಎಂದಳು. ಅವನು ಕರೆದ, ಅವನು ಬಾಗಿಲು ಹಾಕಿದ. ಗಂಡಸು ಎಂದರೆ ಯಾರೂ ನಗುವುದಿಲ್ಲ, ಯಾರ ಮಹಡಿಯೂ ಮುಚ್ಚುವುದಿಲ್ಲ. ಅಜ್ಜಿ "ಆಮೇಲೆ?" ಎನ್ನುತ್ತಾ ಹೋದಳು. ಎಷ್ಟು ಕೇಳಿಸಿತೋ ದೇವರಿಗೇ ಗೊತ್ತು. ಏಳುವಾಗ ಚಂಪಕಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಬಿಡಲೇ ಇಲ್ಲ. ಮಾರನೆಯ ದಿನ ಹಾಲು ಒಡೆದು ನೀರಾಗಿತ್ತು.

ಒಡೆದ ಹಾಲನ್ನು ವೇಣಿಯೂ ನೋಡಿದಳು. ತನ್ನ ಬಟ್ಟೆಯನ್ನು ಬೇರೆ ಪೆಟ್ಟಿಗೆಗೆ ಮಡಿಸಿಡತೊಡಗಿದಳು.

ಅದೇ ವಾರ, ಗುರುವಾರದ ದಿನ ರಾಜಕ್ಕ ಸ್ವತಃ ಮೊಸರಿನ ಪಾತ್ರೆ ಹಿಡಿದು ಬಂದಳು. ಊಟದ ಜನ ಎದ್ದುಹೋಗಿ ಬೆಂಚುಗಳು ಖಾಲಿಯಿದ್ದವು. ವೇಣಿ ಮೊರ ಹಿಡಿದು ನಾಳೆಯ ಅಕ್ಕಿ ಆರಿಸುತ್ತಿದ್ದಳು, ಚಂಪಕ ಮೂಲೆಯಲ್ಲಿ ಯಾರದೋ ಯಂತ್ರ ಬಿಚ್ಚಿಕೊಂಡಿದ್ದಳು. ರಾಜಕ್ಕ ಬೆಂಚಿನ ಮೇಲೆ ಆರಾಮಾಗಿ ಕೂತಳು. "ಏನೇ ಚಂಪೂ, ಮಹಡಿ ಕಡೆ ಸುಳಿವೇ ಇಲ್ಲ? ಮನೇಲಿ ಹಾಲು ಹೀಗಾಗಿದೆ ಅಂತ ಊರೆಲ್ಲ ಮಾತಾಡ್ತಿದೆ. ಏನಿದ್ರೂ ಬಂದು ನನ್ನ ಹತ್ರ ಹೇಳ್ಕೋ ಬಂಗಾರ. ನಾನಿಲ್ವಾ?" ಎಂದಳು.

ಚಂಪಕ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೆಲದ ಮೇಲಿಟ್ಟಳು. "ನಿಮ್ಮ ಮೊಸರು ನಮ್ಮನೆಗೆ ಬೇಡ," ಎಂದಳು.

"ಚಂಪೀ!" ಎಂದು ವೇಣಿ ಚೀರಿದಳು. ರಾಜಕ್ಕ ನಕ್ಕಳು. ಮಕ್ಕಳ ಮಾತು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ವೇಣಿಯ ಗಲ್ಲ ತಟ್ಟಿ, ಪಾತ್ರೆ ಅಲ್ಲೇ ಬಿಟ್ಟು ಹೋದಳು.

"ತಾಯಿಯಂಥವಳಿಗೆ ಹೀಗಾ ಮಾತಾಡೋದು? ಏನ್ ಮಾಡಿದ್ಲು ಅವಳು ನಿನಗೆ?" ಎಂದಳು ವೇಣಿ.

ಆ ಪ್ರಶ್ನೆಗೆ ಉತ್ತರ ಇತ್ತು, ಚಂಪಕ ಅದನ್ನು ಹೇಳಿದಳು. ಈ ಸಲ ಅವಳು ಎನ್ನುವ ಕಡೆ ಅವಳು ಎಂದೇ ಹೇಳಿದಳು. ನಾಲ್ಕು ಮಾತು ಆಗುವಷ್ಟರಲ್ಲಿ ವೇಣಿಯ ಕೈ ಅಕ್ಕಿಯಲ್ಲಿ ನಿಂತುಹೋಯಿತು. ಗೋಡೆಗೆ ಕಿವಿ ಹಚ್ಚಿ ಕೇಳಿದೆ ಎಂದುಕೊಳ್ಳಬೇಡಿ, ಇದನ್ನೆಲ್ಲ ಎಷ್ಟೋ ದಿನಗಳ ಮೇಲೆ ಇಬ್ಬರೂ ತಾವಾಗಿ ನನಗೆ ಹೇಳಿದ್ದು, ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ತಿದ್ದುತ್ತಾ. ವೇಣಿ ಆಗ ಕೇಳಿದ ಮಾತನ್ನು ಅವಳೇ ಹೇಳಿದಳು, ಹೇಳುವಾಗ ಮುಖ ಕೆಂಪಾಗಿತ್ತು. "ಇಷ್ಟು ಗಟ್ಟಿಗಿತ್ತಿ ನೀನು. ತಳ್ಳಿ ಬರಬಾರದಿತ್ತಾ?" ಎಂದು ಕೇಳಿದ್ದಳಂತೆ.

ಚಂಪಕ ಬಾಯಿ ಮುಚ್ಚಿದಳು. ಬಿಚ್ಚಿದ ಯಂತ್ರದ ತಿರುಪುಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿ, ಹಿತ್ತಿಲಿಗೆ ಹೋಗಿ ಕೂತಳು. ಮಲಗುವ ಮುಂಚೆ ವೇಣಿ ಅಭ್ಯಾಸಬಲದಿಂದ ಹೆಪ್ಪು ಹಾಕಿದಳು.

ಬೆಳಿಗ್ಗೆ ಮಡಕೆಯಲ್ಲಿ ಲೋಳೆ ಲೋಳೆ ಮೊಸರು. ಚಮಚ ಎತ್ತಿದರೆ ದಾರದಂತೆ ಉದ್ದಕ್ಕೆ ಎಳೆಯುತ್ತಿತ್ತು. ಅರ್ಧ ಹೇಳಿದ ಮಾತು. ಉಳಿದರ್ಧ ಗಂಟಲಲ್ಲೇ ನಿಲ್ಲುವಂತೆ ಮಾಡಿದವಳು ತಾನು ಎಂಬುದು ವೇಣಿಗೆ ಆಗ ಹೊಳೆಯಿತು. ಕೇಳುವವರ ನಿಯಮ ಎಲ್ಲರಂತೆ ಅವಳಿಗೂ ಗೊತ್ತಿತ್ತು, ತನ್ನ ಮನೆಯಲ್ಲೇ ಮರೆತಿದ್ದಳು. ಅವತ್ತು ಊಟದ ಮನೆಗೆ ರಜೆ ಎಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಮೊರ ತಗೊಂಡು ಹಿತ್ತಿಲಿಗೆ ಹೋಗಿ ಚಂಪಕಳ ಪಕ್ಕದಲ್ಲಿ, ಮೈ ತಾಗದಷ್ಟು ದೂರದಲ್ಲಿ ಕೂತಳು.

"ನಿನ್ನೆ ಕೇಳಬಾರದ್ದು ಕೇಳ್ದೆ," ಎಂದಳು. "ನಿನ್ನ ಕೈ ಏಳ್ಲಿಲ್ಲ ಅಂದ್ರೆ ಏಳ್ಲಿಲ್ಲ, ಅಷ್ಟೇ. ಅದಕ್ಕೆ ಕಾರಣ ನೀನು ಕೊಡ್ಬೇಕಾಗಿಲ್ಲ. ನಾನು ನಂಬ್ತೀನಿ. ನಿನಗೆ ಇಷ್ಟ ಇದ್ರೆ ಹೇಳು, ಇಲ್ಲ ಅಂದ್ರೆ ನಾನು ಅಕ್ಕಿ ಆರಿಸ್ತೀನಿ."

ಚಂಪಕ ಹೇಳಿದಳು. ನಡುವೆ ನಿಂತಳು, ಮತ್ತೆ ಶುರುಮಾಡಿದಳು. ವೇಣಿ "ಆಮೇಲೆ?" ಎಂದಷ್ಟೇ ಅಂದಳು. ನಿಯಮ ಪಾಲಿಸುವ ಹಟದಲ್ಲಿ, ಚಂಪಕ "ಸ್ವಲ್ಪ ನೀರು ಕೊಡೇ" ಎಂದಾಗಲೂ "ಆಮೇಲೆ?" ಎಂದಳಂತೆ. ಆಗ ಚಂಪಕಳಿಗೆ ಅಳುವಿನ ನಡುವೆ ನಗು ಬಂದುಬಿಟ್ಟಿತು. ಅದೇ ಅಕ್ಕಿಯನ್ನು ವೇಣಿ ಎಷ್ಟು ಸಲ ಆರಿಸಿದಳೋ, ಮಾರನೆಯ ದಿನ ಉಂಡವರು ಇಷ್ಟು ಚೊಕ್ಕಟವಾದ ಅನ್ನ ಜನ್ಮದಲ್ಲಿ ಕಂಡಿಲ್ಲ ಎಂದರು.

ಹೇಳಿ ಮುಗಿದ ಮೇಲೆ ವೇಣಿ ಅತ್ತಳು. ಸುಮ್ಮನೆ ಅಲ್ಲ, ತಾಯಿ ಸತ್ತವಳಂತೆ ಅತ್ತಳು, ಅವಳ ಪಾಲಿಗೆ ಅದು ಹಾಗೇ ಇತ್ತು. ಆಮೇಲೆ ಕಣ್ಣೊರೆಸಿಕೊಂಡು ಸೌಟು ಹಿಡಿದು ಎದ್ದಳು. ರಾಜಕ್ಕನ ಜುಟ್ಟು ಹಿಡಿದು ಬೀದಿಗೆ ಎಳೆಯುತ್ತೇನೆ, ಊರಿಗೆಲ್ಲ ಸಾರುತ್ತೇನೆ, ಪೊಲೀಸರನ್ನು ಕರೆಸುತ್ತೇನೆ ಎಂದಳು.

"ಕೂತ್ಕೋ," ಎಂದಳು ಚಂಪಕ. "ಊರಿಗೆ ಹೇಳೋದು, ಪೊಲೀಸರಿಗೆ ಹೇಳೋದು ಎಲ್ಲ ನನಗೆ ಯಾವಾಗ ಬೇಕು ಅನ್ಸುತ್ತೋ ಆವಾಗ. ಒಂದ್ಸಲ ನನ್ನ ಮಾತು ಕೇಳದೆ ಆಗಿದ್ದು ಸಾಕು."

ವೇಣಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ, "ಮಹಡಿ ಹೋದ್ರೆ ಹೋಗ್ಲಿ. ಮಧ್ಯಾಹ್ನದ ಮೇಲೆ ನಮ್ಮ ಬೆಂಚುಗಳು ಖಾಲಿ ತಾನೇ ಬಿದ್ದಿರ್ತವೆ. ಚೌಕಾಬಾರ ಅಲ್ಲೇ ಆಡಬಹುದು," ಎಂದಳು. ಅದೊಂದು ಮಾತು ಚಂಪಕಳ ಎದೆಯ ಮೇಲಿನ ಕಲ್ಲನ್ನು ಕೆಳಗಿಳಿಸಿತು.

ಮರುದಿನ ಮೊಸರಾಗಿತ್ತು. ಅಂಥ ಗಟ್ಟಿಯೇನಲ್ಲ, ಅಂಚಿನಲ್ಲಿ ಸ್ವಲ್ಪ ನೀರು ಬಿಟ್ಟಿತ್ತು, ಆದರೂ ಮೊಸರೇ. ವೇಣಿ ಯಾರಿಗೂ ಕೂಗಿ ಹೇಳಲಿಲ್ಲ. ಇಬ್ಬರೂ ನಿಂಬೆ ಉಪ್ಪಿನಕಾಯಿ ಹಾಕಿಕೊಂಡು ಉಂಡರು. ಕೈ ತೊಳೆದು ಚಂಪಕ ಪೆಟ್ಟಿಗೆಯ ಹಿಂದಿನಿಂದ ರಾಜಕ್ಕನ ಪಾತ್ರೆಗಳನ್ನೆಲ್ಲ ಹೊರಗೆ ತೆಗೆದಳು. ವೇಣಿ ಬಾಯಿ ತೆರೆದು ಆ ರಾಶಿಯನ್ನು ನೋಡಿದಳು. "ಇವನ್ನ ಕೊಟ್ಟು ಬರೋಣ," ಎಂದಳು ಚಂಪಕ. "ನಾನು ಕೊಡ್ತೀನಿ, ನೀನು ಜೊತೆಗೆ ಬಾ. ಸೌಟು ಇಲ್ಲೇ ಇರ್ಲಿ."

ನಾನು ರಾಜಕ್ಕನ ಮನೆಯೆದುರಿನ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದೆ. ಬೀದಿಯ ಅರ್ಧ ಹೆಂಗಸರು ಅಲ್ಲೇ ಇದ್ದರು. ಏನಾಗಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಚಂಪಕ ಪಾತ್ರೆಗಳ ರಾಶಿಯನ್ನು ಹೆಗಲ ಮೇಲೆ ಹೊತ್ತು ಬೀದಿಯ ನಡುವೆ ನಡೆದು ಬಂದಳು, ಸೀಟಿ ಇಲ್ಲ. ಪಕ್ಕದಲ್ಲಿ ವೇಣಿ, ಬರಿಗೈಯಲ್ಲಿ ಏನು ಮಾಡಬೇಕೆಂದು ತಿಳಿಯದೆ ಸೆರಗು ಹಿಂಡುತ್ತಿದ್ದಳು. ರಾಜಕ್ಕ ಜಗಲಿಯಲ್ಲಿ ಕೂತು ವೀಳ್ಯ ಹಾಕುತ್ತಿದ್ದಳು. ಚಂಪಕ ರಾಶಿಯನ್ನು ಇಳಿಸಿ, ಒಂದೊಂದೇ ಪಾತ್ರೆಯನ್ನು ಮುಚ್ಚಳ ತೆಗೆದು ಅವಳ ಮುಂದೆ ಸಾಲಾಗಿ ಇಟ್ಟಳು. ಒಂದರಲ್ಲೂ ಒಂದು ಕಾಳು ಸಕ್ಕರೆ ಇರಲಿಲ್ಲ.

"ಇದೇನೇ ಇದು, ಎಲ್ಲಾ ಖಾಲಿ?" ಎಂದಳು ರಾಜಕ್ಕ.

"ಹೌದು, ಖಾಲಿ."

ರಾಜಕ್ಕ ನಮ್ಮ ಕಡೆ ತಿರುಗಿ ನಕ್ಕಳು. "ನೋಡಿದ್ರೇನ್ರೇ? ಮಕ್ಕಳ ಹಾಗೆ ನೋಡ್ಕೊಂಡೆ. ಹೇಳೇ ಚಂಪೂ, ಯಾಕೆ ಅಂತ ಎಲ್ಲರ ಮುಂದೆ ಹೇಳು. ಹೇಳೋಕೆ ಬಾಯಿದ್ರೆ ಹೇಳು."

ಚಂಪಕಳ ಮುಖ ಬಿಳಿಚಿಕೊಂಡಿತು. ವೇಣಿ ಒಂದು ಹೆಜ್ಜೆ ಮುಂದೆ ಬಂದು ಅವಳ ಕೈ ಹಿಡಿದಳು, ಹಗಲಿನಲ್ಲಿ, ಬೀದಿಯಲ್ಲಿ, ಮೊದಲನೆಯ ಸಲ. ಚಂಪಕ ಬಿಡಿಸಿಕೊಳ್ಳಲಿಲ್ಲ, ಬೆಚ್ಚಲೂ ಇಲ್ಲ.

"ಹೇಳ್ಬೇಕಾದೋರಿಗೆ ಹೇಳಿದೀನಿ," ಎಂದಳು.

ನಮ್ಮೂರಿನಲ್ಲಿ ಯಾಕೆ ಎಂದು ಕೇಳುವ ಹಾಗಿಲ್ಲ, ಆದರೆ ಕೇಳುವ ಆಸೆಗೆ ಯಾವ ನಿಯಮವೂ ಇಲ್ಲ. ಎಲ್ಲರ ನಾಲಿಗೆ ತುದಿಯಲ್ಲೂ ಆ ಮಾತು ಕುಣಿಯುತ್ತಿತ್ತು. ಆಗ ದ್ಯಾವಮ್ಮಜ್ಜಿ ತನ್ನ ಜಗಲಿಯಿಂದ ಎದ್ದಳು. ಅವಳಿಗೆ ಅಲ್ಲಿ ಆಡಿದ ಒಂದು ಮಾತೂ ಕೇಳಿಸಿರಲಿಲ್ಲ. ಚಂಪಕಳ ಮುಖ ನೋಡಿದಳು, ರಾಜಕ್ಕನ ಮುಖ ನೋಡಿದಳು, ಸಾಲಾಗಿ ಕೂತ ಖಾಲಿ ಪಾತ್ರೆಗಳನ್ನು ನೋಡಿದಳು. ಮನೆಯೊಳಗೆ ಹೋಗಿ ಎಂದೋ ರಾಜಕ್ಕ ಕೊಟ್ಟಿದ್ದ ಹಿತ್ತಾಳೆ ಬೋಗುಣಿಯನ್ನು ತಂದು, ಬಗ್ಗಿಸಿ ಖಾಲಿಯಿದೆ ಎಂದು ತೋರಿಸಿ, ಸಾಲಿನ ಕೊನೆಯಲ್ಲಿ ಇಟ್ಟಳು. ಇಟ್ಟು ಚಂಪಕಳ ಇನ್ನೊಂದು ಪಕ್ಕದಲ್ಲಿ ನಿಂತಳು.

ಅದಾದ ಮೇಲೆ ಗುರುವಾರದ ಮಹಡಿ ಹತ್ತುತ್ತಿದ್ದ ಇಬ್ಬರು ಹೆಂಗಸರು ತಲೆ ತಗ್ಗಿಸಿ ಬಂದು, ತಂತಮ್ಮ ಮನೆಯಲ್ಲಿದ್ದ ರಾಜಕ್ಕನ ಬಟ್ಟಲು ತಂದಿಟ್ಟರು. ಅವರು ಅಳುತ್ತಿದ್ದರು. ಅವರಿಗೆ ಎಷ್ಟು ಗೊತ್ತಿತ್ತೋ, ಯಾಕೆ ಗೊತ್ತಿತ್ತೋ, ನಾನು ಕೇಳಿಲ್ಲ. ನಲ್ಲಿಯ ಹತ್ತಿರ ನಿಂತವರು ಕೊಡ ಅಲ್ಲೇ ಬಿಟ್ಟು ಒಬ್ಬೊಬ್ಬರಾಗಿ ಮನೆಯೊಳಗೆ ಹೋಗಿ ಬಂದರು. ಜಗಲಿ ತುಂಬಿ ಪಾತ್ರೆಗಳು ಮೆಟ್ಟಿಲಿಗೆ ಇಳಿದವು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ.

ನನ್ನ ಮನೆಯಲ್ಲಿ ರಾಜಕ್ಕನ ಪಾತ್ರೆ ಒಂದೂ ಇರಲಿಲ್ಲ. ಅಡುಗೆಮನೆಯೆಲ್ಲ ಹುಡುಕಿದೆ, ಅಟ್ಟ ಹುಡುಕಿದೆ, ಒಂದು ಚಮಚವೂ ಇಲ್ಲ. ಹಾಗೆಂದು ಸುಮ್ಮನೆ ನಿಲ್ಲುವುದಕ್ಕಾಗುತ್ತದೆಯೇ? ನನ್ನದೇ ಸ್ಟೀಲ್ ಡಬರಿಯನ್ನು, ಮದುವೆಯಲ್ಲಿ ಉಡುಗೊರೆ ಬಂದದ್ದನ್ನು, ಸೆರಗಿನಲ್ಲಿ ಒರೆಸಿ ತಂದು ಅವಳ ಮೆಟ್ಟಿಲ ಮೇಲೆ ಖಾಲಿ ಇಟ್ಟೆ. ರಾಜಕ್ಕ ಅದನ್ನು ತಿರುಗಿಸಿ ನೋಡಿದಳು.

"ಇದು ನಂದಲ್ಲ. ಇದರ ಮೇಲೆ ನಿನ್ನ ಹೆಸರೇ ಇದೆಯಲ್ಲ," ಎಂದಳು.

"ಗೊತ್ತು ಕಣಮ್ಮ," ಎಂದೆ ನಾನು. "ಇಟ್ಕೋ."